ತೈಲ ಹರಿದ ಮರಳುಗಲ್ಲಿನಲ್ಲಿ ಲೋಹದ ತಂಗುದಾಣ



ಗಣಿ ಎಂದೊಡನೆ ನಮಗೆ ನೆನಪಾಗುವುದು ಕೋಲಾರದ ಚಿನ್ನ, ಸಂಡೂರಿನ ಕಬ್ಬಿಣದ ಅದಿರು. ತೈಲ ಎಂದೊಡನೆ ನೆನಪಾಗುವುದು ಅಸ್ಸಾಂ, ಮುಂಬಯಿಯ ಕಡಲು, ಅರಬ್ ದೇಶಗಳು. ಪಠ್ಯಪುಸ್ತಕದಲ್ಲಿ ಲೋಹಕ್ಕೆ ಒಂದು ಪಾಠ, ತೈಲಕ್ಕೆ ಇನ್ನೊಂದು ಪಾಠ. ಭೂಮಿಗೆ ಮಾತ್ರ ಈ ವಿಂಗಡಣೆ ಗೊತ್ತಿಲ್ಲ. ಜಗತ್ತಿನ ಹಲವು ಕಡೆ ತೈಲ ಮತ್ತು ಅನಿಲ ಹರಿದಾಡಿದ ಮರಳುಗಲ್ಲಿನ ಪದರಗಳಲ್ಲಿಯೇ ಯುರೇನಿಯಂ, ವೆನೇಡಿಯಂ, ಸೀಸ, ಸತುಗಳು ಬಂದು ಕೂಡಿಕೊಂಡಿವೆ. ಹೀಗೇಕೆ ಆಗುತ್ತದೆ? ಇದನ್ನು ತಿಳಿಯುವುದರಿಂದ ನಮಗೇನು ಪ್ರಯೋಜನ? ಈ ಎರಡು ಪ್ರಶ್ನೆಗಳೇ ಇಂದಿನ ಭಾಷಣದ ವಿಷಯ.

ಮೊದಲು ಕಲ್ಲಿನ ವಿಚಾರ. ಭೂಮಿಯ ಮೇಲ್ಪದರದಲ್ಲಿ ಕೆಲವು ಭಾಗಗಳು ಕೋಟ್ಯಂತರ ವರ್ಷ ನಿಧಾನವಾಗಿ ಕುಸಿಯುತ್ತಾ ಹೋಗುತ್ತವೆ. ಸುತ್ತಲಿನ ಎತ್ತರದ ನೆಲದಿಂದ ನದಿಗಳು ಹೊತ್ತು ತಂದ ಮರಳು, ಜೇಡಿ, ಸುಣ್ಣ ಆ ತಗ್ಗಿನಲ್ಲಿ ಪದರ ಪದರವಾಗಿ ತುಂಬಿಕೊಳ್ಳುತ್ತವೆ. ಇಂಥ ತಗ್ಗನ್ನು ಜಲಜಶಿಲೆಗಳ ಬೋಗುಣಿ ಎನ್ನಬಹುದು. ಅದರೊಳಗಿನ ಮರಳು ಹೂತು, ಒತ್ತಡಕ್ಕೆ ಸಿಕ್ಕಿ, ಕಣಕ್ಕೆ ಕಣ ಅಂಟಿಕೊಂಡರೆ ಮರಳುಗಲ್ಲಾಗುತ್ತದೆ. ನೋಡಲು ಗಟ್ಟಿ ಕಲ್ಲು. ಆದರೆ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳು ಉಳಿದಿರುತ್ತವೆ. ಒಳ್ಳೆಯ ಮರಳುಗಲ್ಲಿನ ಗಾತ್ರದಲ್ಲಿ ಶೇಕಡಾ 15ರಿಂದ 30ರವರೆಗೆ ಇಂಥ ಖಾಲಿ ಜಾಗವೇ ಇರಬಹುದು. ಈ ಸಂದುಗಳಲ್ಲಿ ನೀರು ನಡೆಯುತ್ತದೆ, ತೈಲವೂ ನಡೆಯುತ್ತದೆ.

ನೆಲದೊಳಗೆ ತೈಲ ಕೆರೆಯಂತೆ ನಿಂತಿರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ನೀರು ಹೀರಿದ ಇಟ್ಟಿಗೆಯನ್ನು ನೆನೆಯಿರಿ. ತೈಲವೂ ಕಲ್ಲಿನ ಸಂದುಗಳಲ್ಲಿ ಅದೇ ರೀತಿ ತುಂಬಿಕೊಂಡಿರುತ್ತದೆ. 1889ರಲ್ಲಿ ತೈಲ ಸಿಕ್ಕ ಅಸ್ಸಾಮಿನ ಡಿಗ್‌ಬಾಯ್, 2004ರಲ್ಲಿ ಪತ್ತೆಯಾದ ರಾಜಸ್ಥಾನದ ಬಾಡಮೇರ್ ಪ್ರದೇಶದ ಮಂಗಳಾ ತೈಲಕ್ಷೇತ್ರ, ಇವೆರಡರಲ್ಲೂ ತೈಲವನ್ನು ಹಿಡಿದಿಟ್ಟ ಕಲ್ಲು ಮರಳುಗಲ್ಲೇ. ಈ ತೈಲ ಹುಟ್ಟುವುದು ಮರಳುಗಲ್ಲಿನಲ್ಲಲ್ಲ. ಸತ್ತ ಸೂಕ್ಷ್ಮಜೀವಿಗಳು, ಪಾಚಿಗಳು ಕೆಸರಿನಲ್ಲಿ ಹೂತು ಆದ ಕಪ್ಪು ಜೇಡಿಗಲ್ಲು ಆಳಕ್ಕಿಳಿದು ಬಿಸಿಯಾದಾಗ ತೈಲ ಒಸರುತ್ತದೆ. ನೀರಿಗಿಂತ ಹಗುರವಾದ್ದರಿಂದ ಅದು ಮೇಲೇರುತ್ತಾ, ದಾರಿಯಲ್ಲಿ ಸಿಕ್ಕ ಮರಳುಗಲ್ಲಿಗೆ ಸೇರುತ್ತದೆ.

ಇನ್ನು ಲೋಹ. ಯುರೇನಿಯಂ ಗ್ರಾನೈಟಿನಲ್ಲಿ, ಜ್ವಾಲಾಮುಖಿಯ ಬೂದಿಯಲ್ಲಿ ಎಲ್ಲೆಡೆಯೂ ಇದೆ. ಆದರೆ ಪ್ರಮಾಣ ಬಹಳ ಕಡಿಮೆ. ಭೂಮಿಯ ಹೊರಪದರದಲ್ಲಿ ಸರಾಸರಿ ಹತ್ತು ಲಕ್ಷ ಭಾಗ ಕಲ್ಲಿಗೆ ಮೂರು ಭಾಗವೂ ಇಲ್ಲ. ಚದುರಿ ಹೋದ ಇಂಥ ಲೋಹ ಅದಿರಾಗಬೇಕಾದರೆ ಯಾರಾದರೂ ಅದನ್ನು ಒಟ್ಟುಗೂಡಿಸಬೇಕು. ಆ ಕೆಲಸ ಮಾಡುವುದು ನೀರು. ಆಮ್ಲಜನಕ ಬೆರೆತ ಮಳೆನೀರು ಕಲ್ಲಿನೊಳಗೆ ಇಳಿದಾಗ ಯುರೇನಿಯಂ ಪರಮಾಣು ಆರು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟ ಸ್ಥಿತಿಗೆ ಬರುತ್ತದೆ. ಇದೇ ನೀವು ರಸಾಯನಶಾಸ್ತ್ರದಲ್ಲಿ ಓದುವ ಉತ್ಕರ್ಷಣ. ಈ ಸ್ಥಿತಿಯಲ್ಲಿ ಅದು ನೀರಿನ ಕಾರ್ಬೊನೇಟಿನೊಡನೆ ಕೂಡಿಕೊಂಡು ಸುಲಭವಾಗಿ ಕರಗಿ ಪ್ರಯಾಣ ಹೊರಡುತ್ತದೆ. ಎರಡು ಎಲೆಕ್ಟ್ರಾನುಗಳು ಅದಕ್ಕೆ ಮರಳಿ ಸಿಕ್ಕರೆ ಸಾಕು, ಅದು ಅಪಕರ್ಷಣಗೊಂಡು ಕರಗುವ ಗುಣವನ್ನು ಕಳೆದುಕೊಳ್ಳುತ್ತದೆ. ಕಪ್ಪು ಆಕ್ಸೈಡಾಗಿ ಮರಳಿನ ಸಂದಿನಲ್ಲಿ ಕುಳಿತುಬಿಡುತ್ತದೆ. ಲೋಹದ ಪ್ರಯಾಣಕ್ಕೆ ಆಮ್ಲಜನಕ ಬೇಕು. ಅದು ನಿಲ್ಲುವುದಕ್ಕೆ ಆಮ್ಲಜನಕವನ್ನು ಕಸಿದುಕೊಳ್ಳುವ ವಸ್ತು ಬೇಕು.

ಈ ಬದಲಾವಣೆಯನ್ನು ನೀವು ನಮ್ಮ ಊರುಗಳಲ್ಲೇ ಕಬ್ಬಿಣದ ರೂಪದಲ್ಲಿ ನೋಡಿದ್ದೀರಿ. ಬೇಸಿಗೆಯಲ್ಲಿ ಕೆರೆಯ ಹೂಳೆತ್ತುವಾಗ ಕೆಳಗಿನ ಕೆಸರು ನೀಲಿಗಪ್ಪು ಬಣ್ಣವಾಗಿರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದನ್ನು ಹೊಲಕ್ಕೆ ಸುರಿದು ನಾಲ್ಕು ದಿನ ಗಾಳಿ ಬಿಸಿಲಿಗೆ ಬಿಟ್ಟರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆಸರಿನೊಳಗೆ ಕೊಳೆಯುವ ಎಲೆ, ಪಾಚಿಗಳು ಆಮ್ಲಜನಕವನ್ನೆಲ್ಲ ಕಸಿದುಕೊಂಡಿದ್ದವು; ಗಾಳಿ ತಾಗಿದೊಡನೆ ಕಬ್ಬಿಣ ತುಕ್ಕಿನ ಬಣ್ಣಕ್ಕೆ ಮರಳಿತು. ಬಾದಾಮಿಯ ಮರಳುಗಲ್ಲು ಕೆಂಪಾಗಿರುವುದೂ ಮರಳಿನ ಕಣಗಳಿಗೆ ತೆಳುವಾಗಿ ಹತ್ತಿಕೊಂಡ ಕಬ್ಬಿಣದ ಆಕ್ಸೈಡಿನಿಂದಲೇ. ಕಲ್ಲು ಕೆಂಪಾಗಿದ್ದರೆ ಅಲ್ಲಿ ಆಮ್ಲಜನಕ ಓಡಾಡಿದೆ, ಬೂದು ಅಥವಾ ಹಸಿರು ಬೂದಾಗಿದ್ದರೆ ಬಹುಮಟ್ಟಿಗೆ ಓಡಾಡಿಲ್ಲ ಎಂದು ಭೂವಿಜ್ಞಾನಿ ಮೊದಲ ನೋಟಕ್ಕೇ ಅಂದಾಜು ಮಾಡುತ್ತಾನೆ.

ಕೆರೆಯಲ್ಲಿ ಕೊಳೆತ ಎಲೆ ಮಾಡುವ ಕೆಲಸವನ್ನು ಆಳದ ಮರಳುಗಲ್ಲಿನಲ್ಲಿ ತೈಲವೂ ಅನಿಲವೂ ಮಾಡಬಲ್ಲವು. ಕೆಲವು ಕಡೆ ಬಿಸಿಯ ನೆರವಿನಿಂದ ತೈಲವೇ ನೇರವಾಗಿ ಲೋಹವನ್ನು ತಡೆಯುತ್ತದೆ. ಇನ್ನು ಕೆಲವು ಕಡೆ ಬ್ಯಾಕ್ಟೀರಿಯಗಳು ತೈಲವನ್ನು ಆಹಾರವಾಗಿ ಬಳಸಿಕೊಂಡು ನೀರಿನಲ್ಲಿರುವ ಸಲ್ಫೇಟಿನಿಂದ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ತಯಾರಿಸುತ್ತವೆ. ಕೊಳೆತ ಮೊಟ್ಟೆಯ ವಾಸನೆ ಇದರದೇ. ಈ ಅನಿಲ ಲೋಹಗಳಿಗೆ ಬಲವಾದ ತಡೆ.

ಈಗ ಒಂದು ನಿಜವಾದ ಪತ್ತೇದಾರಿ ಪ್ರಸಂಗಕ್ಕೆ ಬರೋಣ. 1972ರಲ್ಲಿ ಫ್ರಾನ್ಸಿನ ಪಿಯರ್‌ಲಾಟ್ ಎಂಬಲ್ಲಿನ ಪರಮಾಣು ಇಂಧನ ಕಾರ್ಖಾನೆಯಲ್ಲಿ ಯುರೇನಿಯಂ ಮಾದರಿಯೊಂದನ್ನು ಪರೀಕ್ಷಿಸುತ್ತಿದ್ದರು. ನಿಸರ್ಗದ ಯುರೇನಿಯಮ್ಮಿನಲ್ಲಿ ಸುಲಭವಾಗಿ ವಿದಳನಗೊಳ್ಳುವ ಯುರೇನಿಯಂ-235ರ ಪಾಲು ಶೇಕಡಾ 0.7202. ಭೂಮಿಯಲ್ಲಿ ಎಲ್ಲಿ ಅಗೆದರೂ, ಚಂದ್ರನ ಕಲ್ಲಿನಲ್ಲಿಯೂ ಇದು ಹೆಚ್ಚುಕಡಿಮೆ ಇಷ್ಟೇ. ಆ ಮಾದರಿಯಲ್ಲಿ ಮಾತ್ರ 0.7171 ಬಂತು. ವ್ಯತ್ಯಾಸ ಅತ್ಯಲ್ಪ. ಆದರೆ ಬಾಂಬಿಗೂ ಬಳಸಬಹುದಾದ ವಸ್ತುವಿನ ಲೆಕ್ಕದಲ್ಲಿ ಅಲ್ಪ ಕೊರತೆಯನ್ನೂ ಬಿಟ್ಟುಬಿಡುವಂತಿಲ್ಲ. ಹುಡುಕುತ್ತಾ ಹೋದಾಗ ಆ ಅದಿರು ಆಫ್ರಿಕದ ಗಾಬೊನ್ ದೇಶದ ಓಕ್ಲೊ ಗಣಿಯದೆಂದು ಗೊತ್ತಾಯಿತು. ಯಾರೂ ಕದ್ದಿರಲಿಲ್ಲ. ಸುಮಾರು 200 ಕೋಟಿ ವರ್ಷಗಳ ಹಿಂದೆ ಆ ಮರಳುಗಲ್ಲಿನಲ್ಲಿ ಪರಮಾಣು ಒಲೆ ತಾನಾಗಿಯೇ ಹೊತ್ತಿ ಉರಿದು ಇಂಧನದ ಒಂದು ಪಾಲನ್ನು ಮುಗಿಸಿತ್ತು! ಇಂಥದು ಸಾಧ್ಯವೆಂದು ವಿಜ್ಞಾನಿ ಪಾಲ್ ಕುರೋಡ 1956ರಲ್ಲೇ ಲೆಕ್ಕ ಹಾಕಿ ಹೇಳಿದ್ದರು.

ಅಷ್ಟೊಂದು ಯುರೇನಿಯಂ ಒಂದೇ ಕಡೆ ಕೂಡಿದ್ದು ಹೇಗೆ ಎಂಬುದು ನಮ್ಮ ವಿಷಯಕ್ಕೆ ಮುಖ್ಯ. ಓಕ್ಲೊ ಇರುವುದು ಫ್ರಾನ್ಸ್‌ವಿಲ್ ಎಂಬ ಜಲಜಶಿಲೆಗಳ ಬೋಗುಣಿಯಲ್ಲಿ. ಅದರ ತಳದಲ್ಲಿ ಮರಳುಗಲ್ಲು. ಮೇಲೆ ಜೀವಿಗಳ ಅವಶೇಷ ತುಂಬಿದ ಕಪ್ಪು ಜೇಡಿಗಲ್ಲು. ಜೇಡಿಗಲ್ಲಿನಲ್ಲಿ ತೈಲ ಹುಟ್ಟಿ, ಸ್ತರಭಂಗಗಳ ದಾರಿಯಲ್ಲಿ ಮರಳುಗಲ್ಲನ್ನು ಸೇರಿ, ಮಡಿಕೆಗಳಲ್ಲಿ ಸಿಕ್ಕಿಕೊಂಡಿತು. ಅದೇ ಮರಳುಗಲ್ಲಿನಲ್ಲಿ ಯುರೇನಿಯಂ ಹೊತ್ತ ನೀರೂ ನಡೆದುಬಂತು. ಎರಡೂ ಸಂಧಿಸಿದ ಜಾಗದಲ್ಲಿ ಲೋಹ ನಿಂತಿತು. ಇಂದೂ ಆ ಅದಿರಿನಲ್ಲಿ ಹಳೆಯ ತೈಲ ಗಟ್ಟಿಯಾಗಿ ಆದ ಡಾಂಬರಿನಂಥ ಬಿಟುಮೆನ್ ಸಿಗುತ್ತದೆ.

ಇಲ್ಲಿ ಕಾಲವನ್ನೂ ಗಮನಿಸಬೇಕು. ಸುಮಾರು 240 ಕೋಟಿ ವರ್ಷಗಳ ಹಿಂದಿನವರೆಗೆ ವಾಯುಮಂಡಲದಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಯುರೇನಿಯಂ ಖನಿಜಗಳು ನದಿಯಲ್ಲಿ ಕರಗದೆ ಉರುಳಿಹೋಗುತ್ತಿದ್ದವು. ಸೂರ್ಯನ ಬೆಳಕಿನಿಂದ ಆಹಾರ ತಯಾರಿಸುವ ಸಯನೋಬ್ಯಾಕ್ಟೀರಿಯಗಳು ಗಾಳಿಗೆ ಆಮ್ಲಜನಕ ಸೇರಿಸಿದ ಮೇಲೆಯೇ ಯುರೇನಿಯಂ ನೀರಿನಲ್ಲಿ ಕರಗಿ ದೂರ ಹೋಗುವುದು ಸಾಧ್ಯವಾಯಿತು. ಹೀಗೆ ಲೋಹವನ್ನು ಪ್ರಯಾಣಕ್ಕೆ ಹೊರಡಿಸಿದ್ದು ಬದುಕಿದ್ದ ಜೀವಿಗಳು. ಅದನ್ನು ತಡೆದು ನಿಲ್ಲಿಸಿದ ತೈಲವಾದದ್ದು ಸತ್ತ ಜೀವಿಗಳು. ಅದಿರೆಂದರೆ ಬರಿಯ ಕಲ್ಲು ಎಂದುಕೊಂಡವರು ಇದನ್ನು ಯೋಚಿಸಬೇಕು.

ಆಗ ಯುರೇನಿಯಂ-235ರ ಪಾಲು ಶೇಕಡಾ ಮೂರೂವರೆಗೂ ಹೆಚ್ಚಿತ್ತು, ಇಂದಿನ ಅನೇಕ ವಿದ್ಯುತ್ ರಿಯಾಕ್ಟರುಗಳ ಇಂಧನದಷ್ಟೇ. ಮರಳುಗಲ್ಲಿನ ನೀರು ನ್ಯೂಟ್ರಾನುಗಳ ವೇಗವನ್ನು ತಗ್ಗಿಸಿ ಕ್ರಿಯೆ ಮುಂದುವರಿಯುವಂತೆ ಮಾಡಿತು. ಬಿಸಿ ಏರಿ ನೀರು ಆವಿಯಾದಾಗ ಒಲೆ ಆರುತ್ತಿತ್ತು; ತಣ್ಣಗಾಗಿ ನೀರು ಮರಳಿದಾಗ ಮತ್ತೆ ಹೊತ್ತುತ್ತಿತ್ತು. ಖನಿಜದಲ್ಲಿ ಸಿಕ್ಕಿಕೊಂಡ ಕ್ಸೆನಾನ್ ಅನಿಲವನ್ನು ಅಳೆದು, ಅರ್ಧ ಗಂಟೆ ಉರಿ, ಎರಡೂವರೆ ಗಂಟೆ ವಿರಾಮ ಎಂಬ ಲಯವನ್ನು 2004ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಈ ಒಲೆ ಲಕ್ಷಾಂತರ ವರ್ಷ ನಡೆಯಿತು.

ಅದಕ್ಕಿಂತ ನಮಗೆ ಉಪಯುಕ್ತವಾದ ಪಾಠ ಒಲೆ ಆರಿದ ನಂತರದ್ದು. ಅಲ್ಲಿ ಹುಟ್ಟಿದ ಪ್ಲುಟೋನಿಯಂ ಮತ್ತು ಹಲವು ವಿದಳನ ಉತ್ಪನ್ನಗಳು ತಮ್ಮ ಜಾಗ ಬಿಟ್ಟು ಹೆಚ್ಚು ದೂರ ಹೋಗಿಲ್ಲ. ಸುತ್ತಲಿನ ಜೇಡಿಯೂ, ಗಟ್ಟಿಯಾದ ಬಿಟುಮೆನ್ನೂ ಅವನ್ನು ಹಿಡಿದಿಟ್ಟುಕೊಂಡವು. ಅನಿಲಗಳು, ಸೀಸಿಯಂ, ಸ್ಟ್ರಾನ್ಷಿಯಂನಂಥವು ಬಹುಪಾಲು ತಪ್ಪಿಸಿಕೊಂಡವು. ಪರಮಾಣು ತ್ಯಾಜ್ಯವನ್ನು ಎಲ್ಲಿ, ಹೇಗೆ ಹೂಳಬೇಕು ಎಂದು ಯೋಚಿಸುವವರು ಓಕ್ಲೊ ಕಲ್ಲನ್ನು ಇಷ್ಟು ಶ್ರದ್ಧೆಯಿಂದ ಓದುವುದು ಈ ಕಾರಣಕ್ಕೇ.

ಓಕ್ಲೊ ಬಹಳ ಹಳೆಯದು. ಇದೇ ಕ್ರಿಯೆ ಅದಕ್ಕಿಂತ ಬಹಳ ಈಚಿನ ಕಲ್ಲಿನಲ್ಲಿ ನಡೆದ ಗುರುತು ನೋಡಲು ಅಮೆರಿಕದ ಕೊಲರಾಡೊ ಪ್ರಸ್ಥಭೂಮಿಗೆ ಹೋಗೋಣ. ಯೂಟಾ ರಾಜ್ಯದ ಮೋಆಬ್ ಸುತ್ತಮುತ್ತ ಕೆಂಪು ಮರಳುಗಲ್ಲಿನ ಬೆಟ್ಟಗಳಿವೆ. ಆ ಕೆಂಪಿನ ನಡುವೆ ಅಲ್ಲಲ್ಲಿ ಬಟ್ಟೆಗೆ ಚಲುವೆ ಪುಡಿ ಹಾಕಿದಂತೆ ಬಿಳಿಚಿದ ಪಟ್ಟೆಗಳು ಕಾಣುತ್ತವೆ. ಹಿಂದೊಮ್ಮೆ ತೈಲ, ಅನಿಲಗಳು ಆ ದಾರಿಯಲ್ಲಿ ಹಾದುಹೋದಾಗ ಕಬ್ಬಿಣದ ಕೆಂಪು ಲೇಪ ಅಪಕರ್ಷಣಗೊಂಡು ಕರಗಿ ಹೋಯಿತೆಂಬುದು ಭೂವಿಜ್ಞಾನಿಗಳ ವಿವರಣೆ. ಕರಗಿದ ಕಬ್ಬಿಣ ಮುಂದೆ ಆಮ್ಲಜನಕದ ನೀರನ್ನು ಸಂಧಿಸಿದಲ್ಲಿ ಗೋಲಿಯಂಥ ದುಂಡು ಉಂಡೆಗಳಾಗಿ ಕೂತಿತು. 2004ರಲ್ಲಿ ಮಂಗಳ ಗ್ರಹದಲ್ಲಿ ಆಪರ್ಚುನಿಟಿ ವಾಹನ ಕಬ್ಬಿಣದ ಸಣ್ಣ ಉಂಡೆಗಳನ್ನು ಕಂಡಾಗ ವಿಜ್ಞಾನಿಗಳು ಹೋಲಿಸಿ ನೋಡಿದ್ದು ಯೂಟಾದ ಈ ಉಂಡೆಗಳೊಂದಿಗೆ.

ಅದೇ ಪ್ರಸ್ಥಭೂಮಿಯಲ್ಲಿ ಕಾರ್ನೊಟೈಟ್ ಎಂಬ ಅರಿಸಿನ ಬಣ್ಣದ ಅದಿರಿದೆ. ಅದರಲ್ಲಿ ಯುರೇನಿಯಂ, ವೆನೇಡಿಯಂ ಎರಡೂ ಇವೆ. 1921ರಲ್ಲಿ ಮೇರಿ ಕ್ಯೂರಿಯವರಿಗೆ ಅಮೆರಿಕದ ಅಧ್ಯಕ್ಷರು ಕಾಣಿಕೆಯಾಗಿ ಕೊಟ್ಟ ಒಂದು ಗ್ರಾಂ ರೇಡಿಯಂ ಇಂಥ ಅದಿರಿನಿಂದ ತೆಗೆದದ್ದು. ಈ ಪ್ರದೇಶದ ಹೆಚ್ಚಿನ ಗಣಿಗಳಲ್ಲಿ ಲೋಹವನ್ನು ತಡೆದದ್ದು ಮರಳಿನಲ್ಲಿ ಹೂತ ಮರದ ತುಂಡುಗಳು. ಯೂಟಾದ ಟೆಂಪಲ್ ಮೌಂಟನ್‌ನಂಥ ಕೆಲವು ಜಾಗಗಳಲ್ಲಿ ಮಾತ್ರ ಮರಳುಗಲ್ಲಿನಲ್ಲಿ ತೈಲವೂ, ಅದರೊಡನೆ ಯುರೇನಿಯಂ ಸೇರಿದ ಗಟ್ಟಿ ಡಾಂಬರಿನಂಥ ವಸ್ತುವೂ ಸಿಕ್ಕಿವೆ.

ವೆನೇಡಿಯಮ್ಮಿನ ಹೆಸರು ಬಂದಾಗ ಒಂದು ಮಾತು ಸೇರಿಸಬೇಕು. ಈ ಲೋಹ ಕಚ್ಚಾತೈಲದ ಒಳಗೇ ಇರುತ್ತದೆ. 1934ರಲ್ಲಿ ಜರ್ಮನಿಯ ಆಲ್ಫ್ರೆಡ್ ಟ್ರೀಬ್ಸ್ ಕಚ್ಚಾತೈಲದಲ್ಲಿ ಪೋರ್ಫಿರಿನ್ ಎಂಬ ಅಣುಗಳನ್ನು ಗುರುತಿಸಿದರು. ಇವು ಎಲೆಯ ಹಸಿರು ದ್ರವ್ಯವಾದ ಕ್ಲೋರೊಫಿಲ್ಲಿನ ವಂಶದವು. ಮಧ್ಯದಲ್ಲಿದ್ದ ಮೆಗ್ನೀಸಿಯಮ್ಮಿನ ಜಾಗದಲ್ಲಿ ವೆನೇಡಿಯಂ ಅಥವಾ ನಿಕ್ಕಲ್ ಬಂದು ಕುಳಿತಿರುತ್ತದೆ. ತೈಲ ಜೀವಿಗಳಿಂದ ಬಂದದ್ದು ಎಂಬುದಕ್ಕೆ ಇದು ದೊಡ್ಡ ಸಾಕ್ಷಿಯಾಯಿತು. ವೆನೆಜುವೆಲದ ಭಾರವಾದ ತೈಲದಲ್ಲಿ ವೆನೇಡಿಯಂ ಬಹಳ ಹೆಚ್ಚು. ಶುದ್ಧೀಕರಣ ಕಾರ್ಖಾನೆಗಳಲ್ಲಿ ಅದು ವೇಗವರ್ಧಕಗಳನ್ನು ಕೆಡಿಸುತ್ತದೆ. ತೈಲ ಉರಿದ ಬೂದಿಯಿಂದ ಅದನ್ನೇ ಮರಳಿ ಪಡೆಯುವುದೂ ಉಂಟು.

ಇನ್ನೊಂದು ಬಗೆಯ ನಿಕ್ಷೇಪ ದಕ್ಷಿಣ ಟೆಕ್ಸಸ್‌ನಲ್ಲಿದೆ. ಅಲ್ಲಿನ ಅದಿರು ಇರುವ ಮರಳಿನ ಪದರಗಳಲ್ಲಿ ಸಸ್ಯದ ಅವಶೇಷ ಕಡಿಮೆ. ಹಾಗಾದರೆ ಲೋಹವನ್ನು ತಡೆದದ್ದು ಯಾವುದು? ಕೆಳಗೆ, ಬಹಳ ಆಳದಲ್ಲಿ, ತೈಲ ಮತ್ತು ಅನಿಲದ ಭಂಡಾರಗಳಿವೆ. ಅವುಗಳಿಂದ ಹೈಡ್ರೋಜನ್ ಸಲ್ಫೈಡ್ ಸ್ತರಭಂಗಗಳ ಮೂಲಕ ಮೇಲಕ್ಕೆ ಸೋರಿ, ಮರಳನ್ನು ಮೊದಲೇ ಬೂದು ಬಣ್ಣಕ್ಕೆ ತಿರುಗಿಸಿ ಸಿದ್ಧವಾಗಿಟ್ಟಿತ್ತು. ಖನಿಜದಲ್ಲಿನ ಗಂಧಕದ ಐಸೊಟೋಪುಗಳನ್ನು ಅಳೆದು 1970ರ ದಶಕದ ಕೊನೆಯಿಂದ ವಿಜ್ಞಾನಿಗಳು ಈ ನಿರ್ಣಯಕ್ಕೆ ಬಂದರು. ಇಂಥ ಕಡೆ ಅದಿರಿನ ಆಕಾರ ಬಿದಿಗೆಯ ಚಂದ್ರನಂತೆ ಬಾಗಿರುತ್ತದೆ. ಬಾಗಿನ ಹಿಂದೆ ಆಮ್ಲಜನಕದ ನೀರು ಹಾದುಬಂದ ಕೆಂಪು, ಹಳದಿ ಮರಳು; ಮುಂದೆ ಬೂದು ಮರಳು. ನಡುವಿನ ಗಡಿಯಲ್ಲಿ ಯುರೇನಿಯಂ. ಹಿಂದಿನ ಅಂಚಿನಲ್ಲಿ ಸೆಲೆನಿಯಂ, ಮುಂದಿನ ಅಂಚಿನಲ್ಲಿ ಮಾಲಿಬ್ಡಿನಂ. ಒಂದೊಂದು ಲೋಹವೂ ತನಗೆ ತಕ್ಕ ಮೆಟ್ಟಿಲಲ್ಲಿ ಇಳಿದುಕೊಂಡಂತೆ! ನೀರು ಹರಿಯುತ್ತಿರುವವರೆಗೆ ಈ ಗಡಿ ಹಿಂದೆ ಕರಗುತ್ತಾ, ಮುಂದೆ ಕೂಡುತ್ತಾ, ನಿಧಾನವಾಗಿ ಮುಂದೆ ಸಾಗುತ್ತದೆ.

2009ರಿಂದ ಜಗತ್ತಿನ ಅತಿ ದೊಡ್ಡ ಯುರೇನಿಯಂ ಉತ್ಪಾದಕವಾಗಿರುವ ಕಜಾಕಸ್ತಾನದ ನಿಕ್ಷೇಪಗಳೂ ಬಹುತೇಕ ಈ ಜಾತಿಯವೇ. ಅಲ್ಲಿನ ಚು-ಸರಿಸು ಬೋಗುಣಿಯ ಆಳದಲ್ಲಿ ನೈಸರ್ಗಿಕ ಅನಿಲವಿದೆ. ಲೋಹವನ್ನು ತಡೆದದ್ದರಲ್ಲಿ ಅದರ ಪಾಲೂ ಇದೆ ಎಂದು ಕೆಲವು ಭೂವಿಜ್ಞಾನಿಗಳು ವಾದಿಸುತ್ತಾರೆ. ಚೀನಾದ ಓರ್ಡೊಸ್ ಬೋಗುಣಿಯಲ್ಲಂತೂ ಕಲ್ಲಿದ್ದಲು, ತೈಲ, ಅನಿಲ, ಯುರೇನಿಯಂ ನಾಲ್ಕೂ ಇವೆ.

ಸೀಸ, ಸತುಗಳ ಪ್ರಯಾಣ ಸ್ವಲ್ಪ ಬೇರೆ. ಇವನ್ನು ಹೊರುವುದು ಆಳದ ಬಿಸಿಯಾದ, ಕಡಲಿಗಿಂತ ಅನೇಕ ಪಟ್ಟು ಉಪ್ಪಾದ ನೀರು. ಅಮೆರಿಕದ ಮಿಸಿಸಿಪಿ ರಾಜ್ಯದ ಕೆಲವು ತೈಲಬಾವಿಗಳಲ್ಲಿ ತೈಲದೊಡನೆ ಬರುವ ಉಪ್ಪುನೀರಿನ ಒಂದು ಲೀಟರಿನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸತು ಇರುವುದನ್ನು 1974ರಲ್ಲಿ ವರದಿ ಮಾಡಿದರು. ಇಂಥ ನೀರು ಹೈಡ್ರೋಜನ್ ಸಲ್ಫೈಡನ್ನು ಸಂಧಿಸಿದರೆ ಲೋಹ ತಕ್ಷಣ ಸಲ್ಫೈಡಾಗಿ ಕೂರುತ್ತದೆ. ಚೀನಾದ ಯುನ್ನಾನ್ ಪ್ರಾಂತದ ಜಿಂಡಿಂಗ್‌ನಲ್ಲಿ ಸತು, ಸೀಸದ ದೊಡ್ಡ ನಿಕ್ಷೇಪ ಇರುವುದು ಮರಳುಗಲ್ಲಿನಲ್ಲಿ. ಅದಿರಿನ ಜೊತೆಗೆ ಬಿಟುಮೆನ್ನೂ ಇದೆ.

ಇಷ್ಟು ತಿಳಿದರೆ ಗಣಿಗಾರಿಕೆಯ ಸ್ವರೂಪವೂ ಅರ್ಥವಾಗುತ್ತದೆ. ಟೆಕ್ಸಸ್‌ನಲ್ಲಿ ಸುರಂಗ ತೋಡುವುದಿಲ್ಲ. ಕೊಳವೆಬಾವಿಗಳ ಮೂಲಕ ಆಮ್ಲಜನಕ ಮತ್ತು ಬೈಕಾರ್ಬೊನೇಟ್ ಬೆರೆಸಿದ ನೀರನ್ನು ಮರಳಿನ ಪದರಕ್ಕೆ ಇಳಿಸುತ್ತಾರೆ. ಯುರೇನಿಯಂ ಮತ್ತೆ ಕರಗುತ್ತದೆ. ಆ ನೀರನ್ನು ಪಕ್ಕದ ಬಾವಿಗಳಿಂದ ಮೇಲಕ್ಕೆತ್ತುತ್ತಾರೆ. ಕಜಾಕಸ್ತಾನದಲ್ಲಿ ಇದಕ್ಕೆ ಗಂಧಕಾಮ್ಲ ಬಳಸುತ್ತಾರೆ. ನಿಸರ್ಗ ದೀರ್ಘಕಾಲ ಕೂತು ಕಟ್ಟಿದ ಗಂಟನ್ನು ಮನುಷ್ಯ ಕೆಲವೇ ವರ್ಷಗಳಲ್ಲಿ ಬಿಚ್ಚುತ್ತಾನೆ. ಬೆಟ್ಟ ಅಗೆಯುವುದು ತಪ್ಪುತ್ತದೆ ನಿಜ. ಆದರೆ ಆ ಮರಳಿನ ಪದರ ಅಂತರ್ಜಲದ ಪದರವೂ ಹೌದು. ಗಣಿ ಮುಗಿದ ಮೇಲೆ ನೀರನ್ನು ಮೊದಲಿನ ಸ್ಥಿತಿಗೆ ತರಬೇಕು. ಟೆಕ್ಸಸ್‌ನ ದಾಖಲೆಗಳನ್ನು ಪರಿಶೀಲಿಸಿದ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ, ಅಂತಿಮ ಅಳತೆ ಸಿಕ್ಕ ಯಾವ ಗಣಿಕ್ಷೇತ್ರದಲ್ಲೂ ಪ್ರತಿಯೊಂದು ಧಾತುವೂ ಮೊದಲಿನ ಮಟ್ಟಕ್ಕೆ ಮರಳಿಲ್ಲವೆಂದು 2009ರಲ್ಲಿ ತಿಳಿಸಿತು.

ಸುರಂಗದ ಗಣಿಗಾರಿಕೆಯ ಬೆಲೆಯನ್ನು ತೆತ್ತವರು ಕೊಲರಾಡೊ ಪ್ರಸ್ಥಭೂಮಿಯ ನವಾಹೊ ಬುಡಕಟ್ಟಿನವರು. 1944ರಿಂದ 1986ರವರೆಗೆ ಅವರ ನೆಲದಿಂದ ಸುಮಾರು ಮೂರು ಕೋಟಿ ಟನ್ ಯುರೇನಿಯಂ ಅದಿರು ತೆಗೆದರು. ಗಾಳಿಯಾಡದ ಸುರಂಗಗಳಲ್ಲಿ ರೇಡಾನ್ ಅನಿಲ ಸೇವಿಸಿದ ಅನೇಕ ಕಾರ್ಮಿಕರು ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾದರು. 1979ರ ಜುಲೈ 16ರಂದು ಚರ್ಚ್ ರಾಕ್ ಎಂಬಲ್ಲಿ ತ್ಯಾಜ್ಯದ ಕಟ್ಟೆ ಒಡೆದು ಸುಮಾರು 35 ಕೋಟಿ ಲೀಟರ್ ವಿಕಿರಣಶೀಲ ನೀರು ಪುಯೆರ್ಕೊ ನದಿಗೆ ನುಗ್ಗಿತು. ಪರಿಹಾರದ ಕಾನೂನು ಬಂದದ್ದು 1990ರಲ್ಲಿ. ಆ ನೆಲದಲ್ಲಿ ಉಳಿದ 500ಕ್ಕೂ ಹೆಚ್ಚು ಹಳೆಯ ಗಣಿಗಳನ್ನು ಶುದ್ಧಗೊಳಿಸುವ ಕೆಲಸ ಇನ್ನೂ ಮುಗಿದಿಲ್ಲ. ನಮ್ಮ ಮೇಘಾಲಯದ ಖಾಸಿ ಬೆಟ್ಟಗಳ ಮರಳುಗಲ್ಲಿನಲ್ಲೂ ಯುರೇನಿಯಂ ಇದೆ. ಅಲ್ಲಿ ಅದನ್ನು ತಡೆದದ್ದು ಸಸ್ಯಗಳ ಅವಶೇಷ. ನೆಲ, ನೀರು, ಆರೋಗ್ಯದ ಬಗ್ಗೆ ಸ್ಥಳೀಯರು ಪ್ರಬಲವಾದ ಆಕ್ಷೇಪ ಎತ್ತಿದ್ದರಿಂದ ಗಣಿಗಾರಿಕೆ ಆರಂಭವಾಗಿಲ್ಲ. ವಿದ್ಯುತ್ತಿಗೆ ಇಂಧನ ಬೇಕೆಂಬ ಮಾತೂ ಸುಳ್ಳಲ್ಲ, ಅವರ ಆತಂಕವೂ ಆಧಾರವಿಲ್ಲದ್ದಲ್ಲ. ಎರಡನ್ನೂ ತೂಗಿ ನೋಡಬೇಕಾದವರು ನಾಳಿನ ನಾಗರಿಕರಾದ ನೀವು.

ಕರ್ನಾಟಕದ ಜಲಜಶಿಲೆಗಳ ಬೋಗುಣಿಗಳಲ್ಲಿ ತೈಲಕ್ಷೇತ್ರಗಳಿಲ್ಲ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಸಿಕ್ಕಿರುವುದು ಭೀಮಾ ಬೋಗುಣಿಯ ಅಂಚಿನ ಸ್ತರಭಂಗದಲ್ಲಿ, ಸುಣ್ಣಕಲ್ಲು ಮತ್ತು ಗ್ರಾನೈಟುಗಳಲ್ಲಿ. ಹಾಗಿದ್ದರೂ ಇಂದಿನ ಪಾಠ ನಮಗೆ ದೂರದ್ದಲ್ಲ. ಪೂರ್ವ ಕರ್ನಾಟಕದ ಗ್ರಾನೈಟ್ ಪ್ರದೇಶದ ಹಲವು ಕೊಳವೆಬಾವಿಗಳಲ್ಲಿ ಯುರೇನಿಯಂ, ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಲೀಟರಿಗೆ 30 ಮೈಕ್ರೋಗ್ರಾಂ ಮಿತಿಯನ್ನು ದಾಟಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಆಮ್ಲಜನಕ, ಬೈಕಾರ್ಬೊನೇಟ್ ಇರುವ ನೀರಿನಲ್ಲಿ ಯುರೇನಿಯಂ ಕರಗುತ್ತದೆ ಎಂದೆನಲ್ಲ, ಅದೇ ಇದು. ಗ್ರಾನೈಟಿನ ಬಿರುಕುಗಳಲ್ಲಿ ಅದನ್ನು ತಡೆಯುವ ತೈಲವಿಲ್ಲ, ಕೊಳೆತ ಸಸ್ಯದ ಪದರವಿಲ್ಲ; ಅದು ಕುಡಿಯುವ ನೀರಿನವರೆಗೂ ಬರುತ್ತದೆ. ಅದರ ಬಣ್ಣ, ರುಚಿ, ವಾಸನೆ ಯಾವುದೂ ನಮಗೆ ತಿಳಿಯುವುದಿಲ್ಲ. ಪ್ರಯೋಗಾಲಯದ ಪರೀಕ್ಷೆಯೊಂದೇ ದಾರಿ.

ಈ ತಡೆಯನ್ನು ನಾವೇ ನಿರ್ಮಿಸಬಹುದೇ ಎಂದು ವಿಜ್ಞಾನಿಗಳು ಪ್ರಯತ್ನಿಸುತ್ತಿದ್ದಾರೆ. ಕೆಲವು ಬ್ಯಾಕ್ಟೀರಿಯಗಳು ಯುರೇನಿಯಮ್ಮನ್ನು ನೇರವಾಗಿ ಅಪಕರ್ಷಿಸಬಲ್ಲವೆಂದು 1991ರಲ್ಲಿ ಸಿದ್ಧವಾಯಿತು. ಮಲಿನಗೊಂಡ ಅಂತರ್ಜಲಕ್ಕೆ ಅವುಗಳ ಆಹಾರ ಸೇರಿಸಿ, ಕರಗಿದ ಯುರೇನಿಯಮ್ಮನ್ನು ನೆಲದಲ್ಲೇ ನಿಲ್ಲಿಸುವ ಪ್ರಯೋಗಗಳು ಅಮೆರಿಕದಲ್ಲಿ ನಡೆದಿವೆ. ಆಮ್ಲಜನಕ ಮತ್ತೆ ಒಳನುಗ್ಗಿದರೆ ಲೋಹ ಮತ್ತೆ ಕರಗುತ್ತದೆ ಎಂಬ ತೊಡಕು ಇದ್ದೇ ಇದೆ.

ಮುಂದಿನ ಸಲ ನಿಮ್ಮ ಊರಿನಲ್ಲಿ ಬಾವಿ ಕೊರೆಯುವಾಗ, ಕೆರೆಯ ಹೂಳೆತ್ತುವಾಗ, ಮಣ್ಣಿನ ಬಣ್ಣ ಯಾವ ಆಳದಲ್ಲಿ ಬದಲಾಯಿತು ಎಂದು ಬರೆದಿಟ್ಟುಕೊಳ್ಳಿ. ಕೆಂಪು ಮುಗಿದು ಬೂದು ಶುರುವಾಗುವ ಆ ಗೆರೆಯಲ್ಲಿ ಗಾಳಿಯ ಅಧಿಕಾರ ಮುಗಿದಿದೆ ಎಂದು ಅರ್ಥ. ಲೋಹ ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಲೆಕ್ಕ ಶುರುವಾಗುವುದು ಅಂಥ ಗೆರೆಯಿಂದಲೇ. ನಿಮ್ಮ ಶಾಲೆಯ ಕೊಳವೆಬಾವಿಯ ನೀರನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ ಎಂದು ನಿಮ್ಮ ಮೇಷ್ಟ್ರನ್ನೂ ಒಮ್ಮೆ ಕೇಳಿ.